ಅಗಸೆ ಎಣ್ಣೆ ಗಟ್ಟಿಯಾಗುವುದೇಕೆ?

ಮರದ ನೆಲಕ್ಕೆ ಹಚ್ಚಿದ ಅಗಸೆ ಎಣ್ಣೆ ಒಣಗಿ ಗಟ್ಟಿಯಾಗುತ್ತದೆ. ಕೊಬ್ಬರಿ ಎಣ್ಣೆ ಜಿಡ್ಡಾಗಿಯೇ ಉಳಿಯುತ್ತದಲ್ಲ, ಏಕೆ?

ಅಗಸೆ ಎಣ್ಣೆ ಒಣಗುವುದೆಂದರೆ ಆವಿಯಾಗುವುದಲ್ಲ; ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುವುದು. ಅದರ ಅಣುಗಳಲ್ಲಿ ದ್ವಿಬಂಧಗಳು ಹೇರಳ. ಆಮ್ಲಜನಕ ಅಲ್ಲಿಗೆ ಸೇರಿದಾಗ, ಜನ ಕೈಕೈ ಹಿಡಿದು ಸಾಲುಗಟ್ಟಿದ ಹಾಗೆ ಅಣುಗಳು ಒಂದಕ್ಕೊಂದು ಬೆಸೆದುಕೊಂಡು ಪೊರೆಯಾಗುತ್ತವೆ. ಕೊಬ್ಬರಿ ಎಣ್ಣೆಯ ಹೆಚ್ಚಿನ ಅಣುಗಳಿಗೆ ಹಿಡಿಯಲು ಕೈಯೇ ಇಲ್ಲ.

ಗಾಳಿ ತಾಗಬೇಕಾದ್ದರಿಂದ ತೆಳುವಾಗಿ ಹಚ್ಚಿ, ಸ್ವಲ್ಪ ಹೊತ್ತಿನ ಬಳಿಕ ಮೇಲೆ ನಿಂತ ಎಣ್ಣೆಯನ್ನು ಒರೆಸಿ ತೆಗೆಯಬೇಕು. ದಪ್ಪಗೆ ಬಳಿದರೆ ಮೇಲ್ಪದರ ಬಿಗಿದು ಒಳಗೆಲ್ಲ ಅಂಟಂಟು.

ಇನ್ನೊಂದು ಮಾತನ್ನು ಮರೆಯಲೇಬೇಡಿ: ಎಣ್ಣೆ ಗಟ್ಟಿಯಾಗುವ ಈ ಕ್ರಿಯೆಯಲ್ಲಿ ಶಾಖ ಹುಟ್ಟುತ್ತದೆ. ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಶಾಖ ಒಳಗೇ ಕೂಡಿಕೊಂಡು, ಕಡ್ಡಿ ಗೀರದೆಯೇ ಬೆಂಕಿ ಹೊತ್ತಬಹುದು. ಅವನ್ನು ಮನೆಯ ಹೊರಗೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲವೇ ನೀರಲ್ಲಿ ಮುಳುಗಿಸಿಡಿ.