ಹಲ್ಲಿಯ ಹೊಸ ಬಾಲ

ಬೆಕ್ಕು ಹಾರಿದ್ದು ಹಲ್ಲಿಯ ಮೇಲೆ. ಅದರ ಪಂಜಕ್ಕೆ ಸಿಕ್ಕಿದ್ದು ಬಾಲವೊಂದೇ. ಬಾಲ ನೆಲದ ಮೇಲೆ ಹೊರಳಾಡುತ್ತ ಬೆಕ್ಕಿನ ಗಮನವನ್ನು ಸೆಳೆದಿರುವಾಗ ಅದರ ಒಡೆಯ ಗೋಡೆಯ ಪಟದ ಹಿಂದೆ ಅಡಗಿರುತ್ತಾನೆ. ಹಲ್ಲಿ ಮೈಯ ಯಾವ ಭಾಗದ ಮೇಲೆ ಬಿದ್ದರೆ ಏನು ಫಲವೆಂದು ಪಂಚಾಂಗಗಳಲ್ಲಿ ಪಟ್ಟಿಯುಂಟು. ಬಾಲ ಬಿದ್ದರೆ ಹಲ್ಲಿಗೇನು ಫಲವೆಂಬುದನ್ನು ಹೇಳಬೇಕಾದವರು ವಿಜ್ಞಾನಿಗಳು.

ಬಾಲ ಕಳಚುವುದು ಎರಡು ಎಲುಬುಗಳ ಕೀಲಿನಲ್ಲಲ್ಲ. ಮಣಿಯೆಲುಬಿನೊಳಗೆ ಹುಟ್ಟಿನಿಂದಲೇ ಇರುವ ಸೂಕ್ಷ್ಮ ಬಿರುಕಿನಲ್ಲಿ. ಆಗ ಬೆನ್ನುಹುರಿಯೂ ತುಂಡಾಗುತ್ತದೆ. ಮನುಷ್ಯನ ಬೆನ್ನುಹುರಿ ಹೀಗೆ ತುಂಡಾದರೆ ಗಾಯ ಕಲೆಗಟ್ಟಿ, ಕಡಿದ ನರತಂತುಗಳ ಹಾದಿ ಮುಚ್ಚಿಹೋಗುತ್ತದೆ. ಸ್ವಾಧೀನ ತಪ್ಪಿದ ಕಾಲುಗಳು ಮತ್ತೆ ನಡೆಯಲಾರವು. ಹಲ್ಲಿಯ ಕಥೆ ಬೇರೆ. ಬೆನ್ನುಹುರಿಯ ನಡುವಿನ ಸಣ್ಣ ನಾಳಕ್ಕೆ ಒಳಪದರವಾಗಿರುವ ಕೋಶಗಳು ಸುದ್ದಿ ಒಯ್ಯುವ ನರಕೋಶಗಳಲ್ಲ. ಅವುಗಳಿಗೆ ಆಸರೆಯಾದ ಪರಿವಾರ. ಬಾಲ ಹೋದ ಮೇಲೆ ಈ ಪರಿವಾರವೇ ಎಚ್ಚೆತ್ತು, ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊಳವೆಯಂತೆ ಮುಂದಕ್ಕೆ ಚಾಚುತ್ತದೆ. 1955ರಲ್ಲಿ ಅಮೆರಿಕದ ಕಾಮ್ರಿನ್ ಮತ್ತು ಸಿಂಗರ್ ಎಂಬ ವಿಜ್ಞಾನಿಗಳು ಅನೋಲಿಸ್ ಎಂಬ ಹಸಿರು ಹಲ್ಲಿಗಳ ಮೋಟುಬಾಲದಿಂದ ಬೆನ್ನುಹುರಿಯನ್ನು ನಾಶಮಾಡಿ ನೋಡಿದರು. ಬಾಲ ಚಿಗುರಲಿಲ್ಲ.

ಚಿಗುರಿದ ಬಾಲವಾದರೂ ಹಳೆಯದರ ಪಡಿಯಚ್ಚಲ್ಲ. ಅದರಲ್ಲಿ ಮಣಿಯೆಲುಬುಗಳ ಸಾಲಿಲ್ಲ. ಉದ್ದಕ್ಕೂ ಒಂದೇ ಮೃದ್ವಸ್ಥಿಯ ಕೊಳವೆ. ಬಿರುಕುಗಳೂ ಇಲ್ಲವಾದ್ದರಿಂದ ಮುಂದಿನ ಸಲ ಹಳೆಯ ಭಾಗದಲ್ಲಿಯೇ ಕಳಚಬೇಕು. ಕೊಳವೆಯೊಳಗಿನ ಹುರಿಯಲ್ಲಿ ಹೊಸ ನರಕೋಶಗಳು ಇಲ್ಲವೆನ್ನುವಷ್ಟು ವಿರಳ. ಹಾಗಾದರೆ ಹೊಸ ಚರ್ಮಕ್ಕೆ ಸ್ಪರ್ಶ, ಸ್ನಾಯುವಿಗೆ ಚಲನೆ ಎಲ್ಲಿಂದ? ಎಲ್ಲವೂ ಕಡ! ಮೋಟಿನ ಬಳಿ ಉಳಿದಿರುವ ಕೊನೆಯ ಕೆಲವು ನರಗಂಟುಗಳ ಕೋಶಗಳು ಹಿಗ್ಗಿ ದಪ್ಪನಾಗಿ, ತಮ್ಮ ತಂತುಗಳನ್ನು ಹೊಸ ಬಾಲದೊಳಕ್ಕೆ ನೀಡುತ್ತವೆ. ತಂತುಗಳಿಗೆ ಕವಚ ತೊಡಿಸುವ ಹೊದಿಕೆಯ ಕೋಶಗಳೂ ಜೊತೆಯಲ್ಲಿಯೇ ವೃದ್ಧಿಯಾಗುತ್ತ ಸಾಗುತ್ತವೆ. ಹಳೆಯ ಮನೆಯ ಗೃಹಸ್ಥರು ದುಪ್ಪಟ್ಟು ದುಡಿದು ಹೊಸ ಮನೆಯನ್ನೂ ನಡೆಸುವ ಬಗೆ ಇದು.

2018ರಲ್ಲಿ ಕೆನಡದ ಗ್ವೆಲ್ಫ್ ವಿಶ್ವವಿದ್ಯಾಲಯದ ಎಮಿಲಿ ಗಿಲ್ಬರ್ಟ್ ಮತ್ತು ಮ್ಯಾಥ್ಯೂ ವಿಕರಿಯಸ್, ಲೆಪರ್ಡ್ ಗೆಕೊ ಎಂಬ ಚುಕ್ಕೆಹಲ್ಲಿಯಲ್ಲಿ ಈ ಆಸರೆಯ ಕೋಶಗಳನ್ನು ಗುರುತಿಸಿ ಹಿಂಬಾಲಿಸಿದರು. ಸಾಮಾನ್ಯ ದಿನಗಳಲ್ಲಿ ಶಾಂತವಾಗಿರುವ ಅವು ಬಾಲ ಕಳಚಿದ ಮೇಲೆ ವೇಗವಾಗಿ ವೃದ್ಧಿಸಿ, ಕೆಲಸ ಮುಗಿದೊಡನೆ ಮತ್ತೆ ಸುಮ್ಮನಾಗುತ್ತವೆಂದು ಕಂಡುಬಂದಿತು. ಇಲಿಯ ಬೆನ್ನುಹುರಿಗೆ ಪೆಟ್ಟಾದಾಗಲೂ ಅದೇ ಒಳಪದರದ ಕೋಶಗಳು ಎಚ್ಚೆತ್ತು ವೃದ್ಧಿಸುತ್ತವೆ. ಆದರೆ ಅವು ಹೆಚ್ಚಾಗಿ ಕಟ್ಟುವುದು ಗಾಯದ ಕಲೆಯನ್ನು, ಹೊಸ ಹುರಿಯನ್ನಲ್ಲ.