ಬಾಡಿಗೆಮನೆಯ ಬಾಗಿಲಲ್ಲಿ ಮನಶ್ಶಾಸ್ತ್ರ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಬಾಡಿಗೆಮನೆಯನ್ನು ಹುಡುಕಿ ನೋಡುವ ಮಾತನ್ನೇಕೋ ಆಡಲಿಲ್ಲ. ಅಮೆರಿಕದ ಸಂಯುಕ್ತ ಸಂಸ್ಥಾನಕ್ಕೆ ಓದಲು ಹೋಗುವ ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ಈ ಕೆಲಸವೇ ಮೊದಲ ಪರೀಕ್ಷೆ. ಅಲ್ಲಿನ ದೊಡ್ಡ ವಸತಿ ಸಮುಚ್ಚಯಗಳಲ್ಲಿ, ಬಂದವರಿಗೆ ಮನೆಯನ್ನು ತೋರಿಸಿ ಕರಾರುಪತ್ರಕ್ಕೆ ಸಹಿ ಹಾಕಿಸುವುದಕ್ಕೆಂದೇ ಏಜೆಂಟರಿರುತ್ತಾರೆ. ಮನೆ ತೋರಿಸುವುದು ಸುಲಭ. ‘ಯೋಚಿಸಿ ಹೇಳುತ್ತೇನೆ’ ಎಂದು ಹೊರಟವನನ್ನು ಅಲ್ಲಿಯೇ ಒಪ್ಪಿಸುವುದು ಕಷ್ಟ. ಅದಕ್ಕಾಗಿ ಅವರು ಬಳಸುವ ಉಪಾಯಗಳ ಹಿಂದೆ ಮನಸ್ಸಿನ ಯಾವ ನಿಯಮಗಳು ಅಡಗಿವೆ ಎಂಬುದನ್ನು ನೋಡೋಣ.

‘ಅಡುಗೆಮನೆಗೆ ಬೆಳಕು ಚೆನ್ನಾಗಿದೆಯಲ್ಲವೇ? ನಿಮ್ಮ ಓದುವ ಮೇಜನ್ನು ಯಾವ ಕಿಟಕಿಯ ಬಳಿ ಇಡುವಿರಿ?’ ಎಂದು ಏಜೆಂಟನು ಕೇಳುತ್ತಾನೆ. ಉತ್ತರ ಹೇಳಿದ ಕೂಡಲೇ ನಾವು ಮನಸ್ಸಿನಲ್ಲಿ ಆ ಮನೆಗೆ ಅರ್ಧ ಒಕ್ಕಲು ಬಂದಂತಾಯಿತು. ಸಣ್ಣ ಒಪ್ಪಿಗೆಯು ದೊಡ್ಡ ಒಪ್ಪಿಗೆಗೆ ದಾರಿಯಾಗುತ್ತದೆಂಬುದನ್ನು ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ವಿಜ್ಞಾನಿಗಳು 1966ರಲ್ಲಿ ಪ್ರಕಟಿಸಿದರು. ಎಚ್ಚರಿಕೆಯಿಂದ ವಾಹನ ನಡೆಸಿರೆಂದು ಬರೆದ, ಅಂದಗೇಡಿಯಾದ ದೊಡ್ಡ ಫಲಕವೊಂದನ್ನು ಮನೆಯ ಮುಂದೆ ನೆಡಲು ಅನುಮತಿ ಕೊಡುವಿರಾ ಎಂದು ಕ್ಯಾಲಿಫೋರ್ನಿಯದ ಪಾಲೋ ಆಲ್ಟೊ ನಗರದಲ್ಲಿ ಕೇಳಿದಾಗ ನೂರಕ್ಕೆ 17 ಮಂದಿ ಮಾತ್ರ ಒಪ್ಪಿದರು. ಆದರೆ ಎರಡು ವಾರ ಮೊದಲು ಇದೇ ವಿಷಯದ ಮೂರು ಅಂಗುಲದ ಚೀಟಿಯೊಂದನ್ನು ಅಂಟಿಸಲು ಒಪ್ಪಿದ್ದವರ ಗುಂಪಿನಲ್ಲಿ ನೂರಕ್ಕೆ 76 ಮಂದಿ ‘ಆಗಲಿ’ ಎಂದರು! ಮೂರಂಗುಲದ ಕಾಗದವು ಅವರನ್ನು, ತಮ್ಮ ದೃಷ್ಟಿಯಲ್ಲಿಯೇ, ಇಂತಹ ಕಾರ್ಯಗಳಿಗೆ ನೆರವಾಗುವವರನ್ನಾಗಿ ಮಾಡಿತ್ತೆಂದು ಪ್ರಯೋಗಕಾರರು ಊಹಿಸಿದರು. ಬೆಂಗಳೂರಿನ ದಲ್ಲಾಳಿಯು ‘ಸದ್ಯಕ್ಕೆ ಟೋಕನ್ ಅಡ್ವಾನ್ಸ್ ಕೊಟ್ಟಿರಿ’ ಎನ್ನುವುದೂ ಇದೇ ಜಾತಿಯ ಉಪಾಯ.

‘ಈ ಬಗೆಯ ಮನೆ ಇದೊಂದೇ ಉಳಿದಿದೆ, ಸಂಜೆ ಮತ್ತೊಬ್ಬರು ಬರುತ್ತಾರೆ’ ಎಂಬುದು ಇನ್ನೊಂದು ಮಾತು. ವರ್ಚೆಲ್ ಮತ್ತು ಸಂಗಡಿಗರು 1975ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹತ್ತು ಬಿಸ್ಕತ್ತುಗಳಿದ್ದ ಭರಣಿಗಿಂತ ಎರಡೇ ಇದ್ದ ಭರಣಿಯ ಬಿಸ್ಕತ್ತು ಹೆಚ್ಚು ಬೇಕೆನಿಸಿತು. ಹತ್ತಿದ್ದುದು ಕಣ್ಣೆದುರಿಗೇ ಎರಡಾದರಂತೂ ಇನ್ನೂ ಹೆಚ್ಚು. ಸ್ವಾರಸ್ಯವೇನೆಂದರೆ, ಅದರ ರುಚಿ ಹೆಚ್ಚೆಂದು ಯಾರೂ ಹೇಳಲಿಲ್ಲ. ಕೊರತೆಯು ಹೆಚ್ಚಿಸುವುದು ಆಸೆಯನ್ನು, ಸವಿಯನ್ನಲ್ಲ. ಕೊನೆಯ ಮನೆಯೆಂಬ ಕಾರಣಕ್ಕೆ ಅದರ ನಲ್ಲಿಯಲ್ಲಿ ನೀರೇನೂ ಹೆಚ್ಚು ಬರುವುದಿಲ್ಲ.

ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ಅಪಾಯಕರವಾದುದು ಮೂರನೆಯದು. ಮೊದಲು ಕಡಮೆ ಬಾಡಿಗೆಯನ್ನು ಹೇಳಿ ಒಪ್ಪಿಸಿ, ಬಳಿಕ ವಾಹನ ನಿಲುಗಡೆ, ಕಸ ವಿಲೇವಾರಿ ಮುಂತಾದ ಶುಲ್ಕಗಳನ್ನು ಒಂದೊಂದಾಗಿ ಸೇರಿಸುವುದು. ಚಾಲ್ಡೀನಿ ಮತ್ತು ಸಂಗಡಿಗರು 1978ರಲ್ಲಿ ವರದಿ ಮಾಡಿದ ಪ್ರಯೋಗವೊಂದರಲ್ಲಿ, ಬೆಳಗ್ಗೆ 7 ಗಂಟೆಗೆ ಬರಬೇಕೆಂದು ಮೊದಲೇ ತಿಳಿಸಿದಾಗ ಸುಮಾರು ಕಾಲುಭಾಗ ವಿದ್ಯಾರ್ಥಿಗಳು ಮಾತ್ರ ಬಂದರು; ಒಪ್ಪಿಗೆ ಪಡೆದ ಮೇಲೆ ವೇಳೆಯನ್ನು ತಿಳಿಸಿದಾಗ ಅರ್ಧಕ್ಕಿಂತ ಹೆಚ್ಚು ಮಂದಿ ಬಂದರು. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು ಸದ್ಗುಣ. ಇಲ್ಲಿ ಆ ಸದ್ಗುಣವೇ ಗಾಳವಾಗುತ್ತದೆ.

ಏಜೆಂಟರೆಲ್ಲರೂ ಮೋಸಗಾರರೆಂದು ನಾವು ಹೇಳುತ್ತಿಲ್ಲ. ಕೊನೆಯ ಮನೆಯೆಂಬ ಮಾತು ನಿಜವೇ ಆಗಿರಬಹುದು. ಆದುದರಿಂದ ತಿಂಗಳ ಒಟ್ಟು ವೆಚ್ಚವನ್ನು ಬರಹದಲ್ಲಿ ಕೇಳಿ ಪಡೆದು, ಕರಾರುಪತ್ರವನ್ನು ಕಚೇರಿಯ ಹೊರಗೆ ಓದುವುದು ಕ್ಷೇಮ. ಸಹಿ ಹಾಕಿದರೂ ಮೂರು ದಿನಗಳೊಳಗೆ ಹಿಂದೆಗೆಯಬಹುದೆಂಬ ನಂಬಿಕೆಯೊಂದು ಅಲ್ಲಿ ಪ್ರಚಲಿತವಾಗಿದೆ. ಮನೆಬಾಗಿಲಿಗೆ ಬಂದು ಮಾಡುವ ಮಾರಾಟಗಳಿಗಾಗಿ 1974ರಲ್ಲಿ ಜಾರಿಗೆ ಬಂದ ಒಕ್ಕೂಟ ಸರ್ಕಾರದ ನಿಯಮದಲ್ಲಿ ಅಂತಹ ಅವಕಾಶವಿರುವುದು ನಿಜ. ಆದರೆ ಮನೆಯ ಬಾಡಿಗೆಯನ್ನು ಆ ನಿಯಮದಿಂದ ಹೊರಗಿಡಲಾಗಿದೆ.