ಎರಡು ವಾರದ ವೈದ್ಯಕೀಯ ತಂಡದಲ್ಲಿ ಆಕ್ಯುಪೇಷನಲ್ ಥೆರಪಿಸ್ಟರಿಗೆ ಏನು ಕೆಲಸ?

ನಮ್ಮ ಕರಾವಳಿಯ ಮನೆಗಳಿಂದ ದಾದಿಯರು, ವೈದ್ಯರು, ಧರ್ಮಭಗಿನಿಯರು ದೂರದ ದೇಶಗಳಿಗೆ ಸೇವೆಗೆ ಹೋಗುವುದು ಹೊಸತೇನಲ್ಲ. ಆದರೆ ವರ್ಷಗಟ್ಟಲೆ ಅಲ್ಲಿಯೇ ನೆಲೆಸುವ ಸೇವೆ ಬೇರೆ, ರಜೆ ಹಾಕಿ ಎರಡು ವಾರಕ್ಕೆ ಹೋಗಿಬರುವ ವೈದ್ಯಕೀಯ ತಂಡ ಬೇರೆ. ಇಂಥ ತಂಡ ಕಟ್ಟುವಾಗ ಶಸ್ತ್ರಚಿಕಿತ್ಸಕರು, ಅರಿವಳಿಕೆ ವೈದ್ಯರು, ದಾದಿಯರು, ಔಷಧಿಯ ಪೆಟ್ಟಿಗೆ ಎಲ್ಲ ಮೊದಲೇ ನೆನಪಾಗುತ್ತವೆ. ಆಕ್ಯುಪೇಷನಲ್ ಥೆರಪಿಸ್ಟರ ಹೆಸರು ಪಟ್ಟಿಯ ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಇವರು ಮಾಡುವ ಕೆಲಸವೇನೆಂದು ಇಲ್ಲಿ ತಿಳಿಯೋಣ.

ಮೊದಲು ಹೆಸರಿನ ಗೊಂದಲ. ಆಕ್ಯುಪೇಷನ್ ಎಂದರೆ ಉದ್ಯೋಗ ಎಂದು ತಿಳಿದು ಕನ್ನಡದಲ್ಲಿ ಇದನ್ನು ವೃತ್ತಿ ಚಿಕಿತ್ಸೆ ಎಂದು ಕರೆದವರುಂಟು. ಅದನ್ನು ಕೇಳಿದವರು ‘ಕೆಲಸ ಕೊಡಿಸುವವರೋ?’ ಎಂದು ಕೇಳುತ್ತಾರೆ. ಇಲ್ಲಿ ಆಕ್ಯುಪೇಷನ್ ಎಂದರೆ ಮನುಷ್ಯನ ದಿನವನ್ನು ತುಂಬುವ ಎಲ್ಲ ಕೆಲಸ: ಸ್ನಾನ, ಬಟ್ಟೆ ತೊಡುವುದು, ಊಟ, ಶೌಚ, ಅಡುಗೆ, ಬಲೆ ಹೆಣೆಯುವುದು, ಮಗುವಿಗಾದರೆ ಆಟ. ಕಾಯಿಲೆ ಅಥವಾ ಅಪಘಾತದ ನಂತರ ಇವುಗಳನ್ನು ಮತ್ತೆ ಮಾಡುವಂತಾಗಲು ದೇಹವನ್ನು ತರಬೇತುಗೊಳಿಸುವುದು, ಅದು ಸಾಧ್ಯವಿಲ್ಲದಲ್ಲಿ ಕೆಲಸದ ವಿಧಾನವನ್ನೋ ಉಪಕರಣವನ್ನೋ ಮನೆಯನ್ನೋ ಬದಲಿಸುವುದು ಈ ಥೆರಪಿಸ್ಟರ ವಿದ್ಯೆ. ಫಿಸಿಯೋಥೆರಪಿಗೂ ಇದಕ್ಕೂ ಬಹಳ ಕಡೆ ಗಡಿ ಬೆರೆಯುತ್ತದೆ. ಒರಟಾಗಿ ಹೇಳುವುದಾದರೆ, ತೋಳು ಎತ್ತಲು ಬರುವಂತೆ ಮಾಡುವವರು ಒಬ್ಬರು, ಆ ತೋಳಿನಿಂದ ತಲೆ ಬಾಚಿಕೊಳ್ಳುವಂತೆ ಮಾಡುವವರು ಇನ್ನೊಬ್ಬರು. ಅಮೆರಿಕದಲ್ಲಿ 1917ರಲ್ಲಿ ಇದರ ಮೊದಲ ಸಂಘ ಹುಟ್ಟಿತು. ನಮ್ಮ ದೇಶದಲ್ಲಿ 1950ರಲ್ಲಿ ಕಮಲಾ ನಿಂಬ್ಕರ್ ಅವರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಮೊದಲ ಶಾಲೆಯನ್ನು ಆರಂಭಿಸಿದರು. ನಮ್ಮ ಪಕ್ಕದ ಮಣಿಪಾಲದಲ್ಲಿಯೂ ಇದನ್ನು ಪದವಿ ಮಟ್ಟದಲ್ಲಿ ಕಲಿಸುತ್ತಾರೆ.

ಇನ್ನು ಹೈಟಿಯ ಕಥೆಗೆ ಬರೋಣ. 2010ರ ಜನವರಿ 12ರ ಸಂಜೆ 7.0 ತೀವ್ರತೆಯ ಭೂಕಂಪವಾಯಿತು. ಅದರ ಕೇಂದ್ರ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನ ಪಶ್ಚಿಮಕ್ಕೆ ಲೆಯೋಗಾನ್ ಪಟ್ಟಣದ ಬಳಿ ಇತ್ತು. ಜಗತ್ತಿನ ಮೂಲೆಮೂಲೆಗಳಿಂದ ವೈದ್ಯಕೀಯ ತಂಡಗಳು ಬಂದಿಳಿದವು. ಕಾಂಕ್ರೀಟಿನ ಅಡಿ ಸಿಕ್ಕಿ ನಜ್ಜುಗುಜ್ಜಾದ ಕೈಕಾಲುಗಳನ್ನು ಸಾವಿರಾರು ಮಂದಿಗೆ ಕತ್ತರಿಸಬೇಕಾಯಿತು. ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡವರು ನೂರಕ್ಕೂ ಹೆಚ್ಚು. ಜೀವ ಉಳಿಯಿತು, ಗಾಯ ಮಾಯಿತು, ತಂಡಗಳು ಒಂದೊಂದಾಗಿ ಹೊರಟವು. ಆಕ್ಯುಪೇಷನಲ್ ಥೆರಪಿ ಕಲಿಸುವ ಒಂದು ಶಾಲೆಯೂ ಆಗ ಆ ದೇಶದಲ್ಲಿ ಇರಲಿಲ್ಲ.

ಬೆನ್ನುಹುರಿಯ ಪೆಟ್ಟಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮಲ್ಲಿಯೂ ಅಡಿಕೆ ಮರ, ತೆಂಗಿನ ಮರದಿಂದ ಬಿದ್ದು ಹೀಗಾದವರು ಊರೂರಲ್ಲಿ ಇದ್ದಾರೆ. ಬಡ ದೇಶಗಳಲ್ಲಿ ಇವರನ್ನು ಕೊಲ್ಲುವುದು ಬಹಳ ಸಲ ಮೂಲ ಪೆಟ್ಟಲ್ಲ, ಆಮೇಲೆ ಬರುವ ಒತ್ತಡದ ಹುಣ್ಣು ಮತ್ತು ಮೂತ್ರದ ಸೋಂಕು. ಸ್ಪರ್ಶವೇ ತಿಳಿಯದ ಚರ್ಮ ಒಂದೇ ಕಡೆ ಒತ್ತಿಕೊಂಡಿದ್ದರೆ ರಕ್ತ ಸಂಚಾರ ನಿಂತು, ಕೆಲವೇ ಗಂಟೆಗಳಲ್ಲಿ ಮಾಂಸ ಸಾಯಲು ತೊಡಗುತ್ತದೆ. ಬೆನ್ನಿನ ಕೊನೆಯ ಎಲುಬು, ಸೊಂಟದ ಬದಿ, ಹಿಮ್ಮಡಿ, ಇಲ್ಲೆಲ್ಲ ಹುಣ್ಣಾಗಿ ಎಲುಬಿನವರೆಗೂ ಇಳಿಯಬಹುದು. ತಡೆಯುವ ವಿದ್ಯೆಗೆ ಯಂತ್ರ ಬೇಡ. ಮಲಗಿದಾಗ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಗಾಲಿಕುರ್ಚಿಯಲ್ಲಿದ್ದರೆ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಮುಂದೆ ಬಾಗಿಯೋ ಕೈಯೂರಿ ಎತ್ತಿಕೊಂಡೋ ಭಾರ ಇಳಿಸಬೇಕು. ರಾತ್ರಿ ಕನ್ನಡಿ ಹಿಡಿದು ಚರ್ಮ ನೋಡಿಕೊಳ್ಳಬೇಕು. ಇದನ್ನು ರೋಗಿಗೂ ಅವನ ಹೆಂಡತಿಗೂ ಅಭ್ಯಾಸವಾಗುವವರೆಗೆ ಕಲಿಸುವುದು, ಹಾಸಿಗೆಯಿಂದ ಕುರ್ಚಿಗೆ ಹಲಗೆಯ ಮೇಲೆ ಜಾರಿಕೊಳ್ಳುವುದನ್ನು ತೋರಿಸುವುದು, ಶೌಚಕ್ಕೆ ವ್ಯವಸ್ಥೆ ಯೋಚಿಸುವುದು ಥೆರಪಿಸ್ಟರ ಕೆಲಸ. ಹೈಟಿಯ ದಕ್ಷಿಣದಲ್ಲಿರುವ ಫಾನ್-ದೆ-ಬ್ಲಾಂ ಎಂಬ ಹಳ್ಳಿಯ ಸೇಂಟ್ ಬೋನಿಫೇಸ್ ಆಸ್ಪತ್ರೆ ಭೂಕಂಪದ ನಂತರ ಇಂಥ ರೋಗಿಗಳನ್ನು ಸೇರಿಸಿಕೊಂಡು, ಅವರಿಗಾಗಿಯೇ ಒಂದು ಪುನರ್ವಸತಿ ವಿಭಾಗವನ್ನು ಬೆಳೆಸಿತು.

ಮನೆಗೆ ಹೋದ ಮೇಲಿನ ಬದುಕೇ ಬೇರೆ. ಅಲ್ಲಿನ ಹೆಂಗಸರು ಇದ್ದಿಲ ಒಲೆಯಲ್ಲಿ ಅಡುಗೆ ಮಾಡುತ್ತಾರೆ, ಒರಳಲ್ಲಿ ಮಸಾಲೆ ಕುಟ್ಟುತ್ತಾರೆ, ನೆಲಮಟ್ಟದಲ್ಲಿ ಕುಳಿತು ಬೋಗುಣಿಯಲ್ಲಿ ಬಟ್ಟೆ ಒಗೆಯುತ್ತಾರೆ. ಅಮೆರಿಕದ ಆಸ್ಪತ್ರೆಯಲ್ಲಿ ಕಲಿತ ಥೆರಪಿಸ್ಟ್, ಎತ್ತರದ ಅಡುಗೆ ಕಟ್ಟೆಯ ಲೆಕ್ಕದಲ್ಲಿ ಪಾಠ ಮಾಡಿದರೆ ಯಾರಿಗೂ ಉಪಯೋಗವಿಲ್ಲ. ಬಲಗೈ ಕಳೆದುಕೊಂಡ ಹೆಂಗಸಿಗೆ ಒರಳನ್ನು ಎರಡು ಪಾದಗಳ ನಡುವೆ ಒತ್ತಿ ಹಿಡಿದು ಎಡಗೈಯಿಂದ ಕುಟ್ಟುವುದನ್ನು ಅಭ್ಯಾಸ ಮಾಡಿಸಬೇಕು. ಹಿಡಿತ ಸಡಿಲವಾದವರ ಚಮಚದ ಹಿಡಿಗೆ ಹಳೆಯ ಸೈಕಲ್ ಟ್ಯೂಬ್ ಸುತ್ತಿದರೆ ದಪ್ಪವಾಗುತ್ತದೆ, ಜಾರುವುದಿಲ್ಲ.

ಗಾಲಿಕುರ್ಚಿಯ ಬಗ್ಗೆ ನಮಗೆ ಸ್ವಲ್ಪ ತಕರಾರೇ ಇದೆ. ಶಿಬಿರದ ಕೊನೆಯಲ್ಲಿ ಸಾಲಾಗಿ ಕುರ್ಚಿ ಹಂಚಿ ಫೋಟೋ ತೆಗೆಸುವುದು ನಮ್ಮ ಊರುಗಳಲ್ಲಿಯೂ ಕಂಡ ದೃಶ್ಯ. ಆಸ್ಪತ್ರೆಯ ನುಣುಪು ನೆಲಕ್ಕೆಂದು ಮಾಡಿದ, ಮಡಚುವ ಕುರ್ಚಿಯ ಸಣ್ಣ ಮುಂಗಾಲಿ ಮಣ್ಣು ರಸ್ತೆಯಲ್ಲಿ ಹೂತುಕೊಳ್ಳುತ್ತದೆ. ಜೋಲುವ ಆಸನದಲ್ಲಿ ಮೆತ್ತೆಯಿಲ್ಲದೆ ದಿನವಿಡೀ ಕುಳಿತವನಿಗೆ ಅದೇ ಕುರ್ಚಿ ಹುಣ್ಣು ತರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿಯೇ ಕಡಿಮೆ ಸೌಲಭ್ಯದ ದೇಶಗಳಿಗಾಗಿ ಈ ಕುರಿತು ಮಾರ್ಗಸೂಚಿ ಹೊರಡಿಸಿತು. ಅಳತೆ ತೆಗೆಯುವುದು, ಸರಿಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ಮತ್ತೆ ವಿಚಾರಿಸುವುದು, ಇವೆಲ್ಲ ಸೇರಿದರೆ ಮಾತ್ರ ಅದು ಸೇವೆ ಎಂದು ಅದರ ಸಾರ. ಸ್ವತಃ ಬೆನ್ನುಹುರಿಯ ಪೆಟ್ಟು ತಿಂದ ಅಮೆರಿಕದ ಇಂಜಿನಿಯರ್ ರಾಲ್ಫ್ ಹಾಚ್ಕಿಸ್ ಅವರು, ಊರಿನ ವರ್ಕ್‌ಶಾಪಿನಲ್ಲಿಯೇ ಮಾಡಿ ರಿಪೇರಿ ಮಾಡಬಹುದಾದ ಕುರ್ಚಿಗಳನ್ನು ರೂಪಿಸಿದ್ದು ಈ ಕಾರಣಕ್ಕೇ.

ಶಸ್ತ್ರಚಿಕಿತ್ಸೆಯ ತಂಡಗಳಿಗೂ ಈ ಮಾತು ತಟ್ಟುತ್ತದೆ. ಬೆರಳನ್ನು ಮಡಚುವ ಸ್ನಾಯುರಜ್ಜು ಕಡಿದುಹೋದರೆ ಅದನ್ನು ಹೊಲಿಯಲು ಒಂದೆರಡು ಗಂಟೆ ಸಾಕಾಗಬಹುದು. ಆಮೇಲೆ ಸುಮಾರು ಆರು ವಾರ ಸ್ಪ್ಲಿಂಟ್ ಕಟ್ಟಿ, ಅಳತೆಯ ಚಲನೆ ಮಾಡಿಸಬೇಕು. ಪೂರ್ತಿ ಬಲ ಹಾಕಲು ಮೂರು ತಿಂಗಳು. ಬೇಗ ಬಲ ಹಾಕಿದರೆ ಹೊಲಿಗೆ ಹರಿಯುತ್ತದೆ, ಅಲ್ಲಾಡಿಸದೆ ಇದ್ದರೆ ಅಂಟಿಕೊಂಡು ಬೆರಳು ಕೊರಡಾಗುತ್ತದೆ. ಸುಟ್ಟಗಾಯದಲ್ಲಿ ಇನ್ನೂ ಕಷ್ಟ. ನೋವಿಲ್ಲದ ಭಂಗಿಯೇ ಸೆಳೆತದ ಭಂಗಿ. ಕುತ್ತಿಗೆ ಸುಟ್ಟ ಮಗುವಿನ ತಲೆಯಡಿಗೆ ಅಮ್ಮ ಕನಿಕರದಿಂದ ದಿಂಬು ಇಟ್ಟರೆ, ಗಾಯ ಮಾಯುತ್ತಾ ಗಲ್ಲ ಎದೆಗೆ ಅಂಟಿಬಿಡಬಹುದು. ಶಸ್ತ್ರಚಿಕಿತ್ಸೆಯಿಂದ ಬಿಡಿಸಿದರೂ ತಿಂಗಳುಗಟ್ಟಲೆ ಸ್ಪ್ಲಿಂಟ್ ಬೇಕು. ಎರಡು ವಾರಕ್ಕೆ ಬಂದವರು ಇದನ್ನು ಯಾರ ಕೈಗೆ ಒಪ್ಪಿಸಿ ಹೋಗುತ್ತಾರೆ? ಆ ಒಬ್ಬರು ಸಿಗದಿದ್ದರೆ ಕೆಲವು ಶಸ್ತ್ರಚಿಕಿತ್ಸೆಗಳನ್ನು ಮಾಡದಿರುವುದೇ ಲೇಸು ಎಂದು ನಮಗನಿಸುತ್ತದೆ. ಸ್ಪ್ಲಿಂಟಿಗೆಂದು ತಂದ ದುಬಾರಿ ಪ್ಲಾಸ್ಟಿಕ್ ಹಾಳೆ ತಂಡದೊಂದಿಗೇ ಮುಗಿಯುತ್ತದೆ. ಪಿ.ವಿ.ಸಿ. ಪೈಪನ್ನು ಸೀಳಿ ಬಿಸಿಮಾಡಿ ಬಗ್ಗಿಸುವುದು, ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸುವುದು ಊರಲ್ಲಿ ಉಳಿಯುತ್ತದೆ.

ಸೆರೆಬ್ರಲ್ ಪಾಲ್ಸಿ ಇರುವ ಮಕ್ಕಳದ್ದು ಇನ್ನೊಂದು ದೊಡ್ಡ ಸಾಲು. ತಲೆ ಹಿಂದಕ್ಕೆ ಬಿದ್ದ ಮಗುವಿಗೆ ಮಲಗಿಸಿ ಗಂಜಿ ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗಬಹುದು. ನೇರ ಕುಳ್ಳಿರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗುವಂತೆ ಹಿಡಿದು, ಸಣ್ಣ ಚಮಚದಲ್ಲಿ ನಿಧಾನವಾಗಿ ಕೊಡುವುದನ್ನು ತಾಯಿಗೆ ಒಂದು ಬೆಳಿಗ್ಗೆ ತೋರಿಸಿದರೂ ಪ್ರಯೋಜನವಿದೆ. ಕುಳ್ಳಿರಿಸಲು ಕುರ್ಚಿ? ಜಿಂಬಾಬ್ವೆಯಲ್ಲಿ ಬೆವಿಲ್ ಪ್ಯಾಕರ್ ಎಂಬವರು ರಟ್ಟು, ಹಳೆಯ ಪತ್ರಿಕೆ ಮತ್ತು ಹಿಟ್ಟಿನ ಅಂಟಿನಿಂದ ಗಟ್ಟಿ ಕುರ್ಚಿ ಮಾಡುವ ವಿಧಾನವನ್ನು ಹರಡಿದರು. ನೀರು ತಾಗದಂತೆ ಬಣ್ಣ ಬಳಿದರೆ ವರ್ಷಗಟ್ಟಲೆ ಬಾಳುತ್ತದೆ.

ಹೈಟಿಯ ಗೊಂದಲದಿಂದ ಜಗತ್ತು ಕೆಲವು ಪಾಠ ಕಲಿಯಿತು. ವಿಪತ್ತಿಗೆ ಹೋಗುವ ತಂಡಗಳಿಗೆ ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲಿ ಕನಿಷ್ಠ ಮಟ್ಟಗಳನ್ನು ಗೊತ್ತುಮಾಡಿತು, 2016ರಲ್ಲಿ ಪುನರ್ವಸತಿಗೆಂದೇ ಪ್ರತ್ಯೇಕ ನಿಯಮ ಬಂತು. ಶಸ್ತ್ರಚಿಕಿತ್ಸೆಯ ಒಳರೋಗಿ ತಂಡದಲ್ಲಿ 20 ಹಾಸಿಗೆಗೆ ಒಬ್ಬ ಪುನರ್ವಸತಿ ತಜ್ಞರು ಇರಬೇಕು, ಪುನರ್ವಸತಿಗೆಂದೇ ಹೋಗುವ ತಂಡ ಕನಿಷ್ಠ ಒಂದು ತಿಂಗಳು ನಿಲ್ಲಬೇಕು ಎಂದು ಅದರಲ್ಲಿದೆ. ನಿಯಮವೇನೋ ಆಯಿತು. ಆದರೆ ಅನೇಕ ಬಡ ದೇಶಗಳಲ್ಲಿ ಹತ್ತು ಲಕ್ಷ ಜನಕ್ಕೆ ಹತ್ತು ಮಂದಿ ತರಬೇತಾದ ಪುನರ್ವಸತಿ ತಜ್ಞರೂ ಇಲ್ಲವೆಂದು ಅದೇ ಸಂಸ್ಥೆ ಹೇಳುತ್ತದೆ.

2015ರಲ್ಲಿ, ಭೂಕಂಪದ ಕೇಂದ್ರವಾಗಿದ್ದ ಅದೇ ಲೆಯೋಗಾನ್‌ನಲ್ಲಿ, ಹೈಟಿಯ ಎಪಿಸ್ಕೋಪಲ್ ವಿಶ್ವವಿದ್ಯಾಲಯವು ಆಕ್ಯುಪೇಷನಲ್ ಥೆರಪಿ ಮತ್ತು ಫಿಸಿಯೋಥೆರಪಿ ಪದವಿ ಶಾಲೆಯನ್ನು ತೆರೆಯಿತು. ಹಿಂದೆ ರೋಗಿಗಳನ್ನು ನೋಡಲು ಬರುತ್ತಿದ್ದಂಥ ವಿದೇಶಿ ಥೆರಪಿಸ್ಟರು ಈಗ ಅಲ್ಪಾವಧಿಗೆ ಬಂದು ಪಾಠ ಹೇಳಿ ಹೋದರು. ರಾಜಧಾನಿಯ ಸುತ್ತ ಸಶಸ್ತ್ರ ಗುಂಪುಗಳ ಹಾವಳಿ 2021ರಿಂದೀಚೆಗೆ ವಿಪರೀತವಾಗಿ, ಹೊರಗಿನ ತಂಡಗಳಿಗೆ ಅಲ್ಲಿಗೆ ಕಾಲಿಡುವುದೇ ಕಷ್ಟವಾಗಿದೆ. ಆ ಶಾಲೆಯಲ್ಲಿ ಕಲಿತವರಾದರೋ ಅದೇ ನಾಡಿನವರು, ಕ್ರಿಯೋಲ್ ಅವರ ಮನೆಮಾತು.

ನಮ್ಮ ಓದುಗರಲ್ಲಿ ಯಾರಾದರೂ ಇಂಥ ತಂಡದಲ್ಲಿ ಹೋಗುವವರಿದ್ದರೆ, ಹೊರಡುವ ಮೊದಲು ಕರೆದವರಲ್ಲಿ ಕೇಳಬೇಕಾದ್ದು ಇಷ್ಟು: ನಮ್ಮ ಜೊತೆ ನಿಂತು ಕಲಿಯುವ ಸ್ಥಳೀಯರು ಯಾರು, ಅವರಿಗೆ ಆ ಎರಡು ವಾರ ಬೇರೆ ಕೆಲಸದಿಂದ ಬಿಡುವು ಇದೆಯೇ, ನಾವು ಬರೆದಿಡುವ ಸೂಚನೆಯನ್ನು ಅವರ ಭಾಷೆಗೆ ತರುವವರು ಇದ್ದಾರೆಯೇ. ಓದುಬರಹ ಬಾರದ ಮನೆಗಳಿಗೆ ಚಿತ್ರ ಬರೆದುಕೊಡಬೇಕಾಗುತ್ತದೆ. ಪೆಟ್ಟಿಗೆಯಲ್ಲಿ ಅಳತೆಯ ಟೇಪು, ಗಟ್ಟಿ ಕತ್ತರಿ ಮತ್ತು ಒಂದು ದಪ್ಪ ಮಾರ್ಕರ್ ಪೆನ್ನು ಇರಲಿ.